ಕೃಪೆಯ ಅಧ್ಯಾಯ ಮತ್ತು ಹನ್ನೊಂದು ಪೇಢೆ

ನಮ್ಮ ಪಕ್ಕದ ಮನೆಯ ಪಾದ್ರಿ ಕಾಕಾ ಚರ್ಚಿನ ಕೆಲಸದಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾಯಿತು. ಪ್ರವಚನದಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಹಾಲು ತರುವವನು, ಕರೆಂಟಿನ ಮೀಟರ್ ನೋಡಲು ಬರುವವನು, ವಿಳಾಸ ಕೇಳಲು ನಿಂತ ಪರವೂರಿನವರು, ಹೀಗೆ ಯಾರು ಸಿಕ್ಕರೂ ಧರ್ಮದ ಎರಡು ಮಾತು ಕೇಳಿಯೇ ಹೋಗಬೇಕು. ಮಿರಜಿನ ಜನ ಜಾಣರು, ದವಾಖಾನೆಗೆ ಹೊರಟಿದ್ದೇನೆ ಎಂದು ಹೇಳಿ ಪಾರಾಗುತ್ತಾರೆ. ಓಣಿಗೊಂದು ದವಾಖಾನೆಯಿರುವ ಈ ಊರಿನಲ್ಲಿ ಆ ನೆಪವನ್ನು ಯಾರೂ ಅನುಮಾನಿಸುವುದಿಲ್ಲ. ನನಗೆ ಆ ದಾರಿಯೂ ಇಲ್ಲ. ನಮ್ಮ ಎರಡು ಹಿತ್ತಲುಗಳ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ನಾನು ಬಟ್ಟೆ ಒಣಹಾಕುವ ಹೊತ್ತಿಗೆ ಸರಿಯಾಗಿ ಅವರಿಗೆ ದೇವರು ನೆನಪಾಗುತ್ತಾನೆ.

ನಾನೂ ಏನು ಕಡಿಮೆಯವಳಲ್ಲ. ಮಿರಜಿನ ಮಗ್ಗುಲಿನ ಆರಗದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳು. ಕೆಂಪು ಪೆನ್ನು ಕೈಬಿಟ್ಟರೂ ಚಟ ಬಿಟ್ಟಿಲ್ಲ. ಮದುವೆಯ ಕಾಗದ ಬಂದರೆ ಮೊದಲು ಕಾಗುಣಿತ ನೋಡುತ್ತೇನೆ, ಆಮೇಲೆ ಮುಹೂರ್ತ. ಪ್ರತಿ ಮಂಗಳವಾರ ಬಸ್ಸು ಹತ್ತಿ ಸಾಂಗಲಿಯ ಗಣಪತಿಗೆ ಹೋಗಿ ಹನ್ನೊಂದು ಪ್ರದಕ್ಷಿಣೆ ಹಾಕುತ್ತೇನೆ. ಮೊಣಕಾಲು ನೋವು ಹೋಗಲಿ ಎಂದು ಶುರು ಮಾಡಿದ್ದು. ಪ್ರದಕ್ಷಿಣೆಯಿಂದಲೇ ನೋವು ಹೆಚ್ಚಾಗಿದೆ ಎಂಬುದು ಕಾಕಾ ಅವರ ವಾದ.

"ಹನ್ನೊಂದ ಯಾಕ್ರಿ ಅಕ್ಕೋರ? ಒಂದ ಹಾಕಿದ್ರ ದೇವರಿಗೆ ಕೇಳಸೂದಿಲ್ಲೇನು?" ಎಂದು ಗೋಡೆಯ ಆಚೆಯಿಂದ ಕೇಳುವರು.

"ಮಾಡಿದ್ದುಣ್ಣೋ ಮಹಾರಾಯ ಅಂತಾರ್ರೀ ಕಾಕಾ. ಎಷ್ಟ ಮಾಡತೇವೋ ಅಷ್ಟ ಉಣ್ಣೂದು."

"ಅಲ್ಲೇ ನೋಡ್ರಿ ನೀವು ತಪ್ಪೂದು. ಮಾಡಲಾರದ್ದನ್ನ ಉಣ್ಣೂದಕ್ಕ ಕೃಪೆ ಅಂತಾರ."

ಈ ಜಗಳ ವರ್ಷಗಟ್ಟಲೆ ನಡೆದಿತ್ತು, ಇಬ್ಬರಿಗೂ ಅದರಿಂದ ಹಸಿವು ಹೆಚ್ಚುತ್ತಿತ್ತು. ಹೋದ ಶ್ರಾವಣದಲ್ಲಿ ಒಂದು ದಿನ ಕಾಕಾ ಗೋಡೆಯ ಮೇಲೆ ಒಂದು ಹಳೆಯ ಮರಾಠಿ ಪುಸ್ತಕ ಇಟ್ಟರು. ಐನೂರು ವರ್ಷದ ಹಿಂದೆ ಪೋಪನನ್ನೇ ಎದುರು ಹಾಕಿಕೊಂಡ ಜರ್ಮನಿಯ ಒಬ್ಬ ಸಂನ್ಯಾಸಿಯ ಚರಿತ್ರೆ ಅದು. ಕಾಕಾ ಅವರ ಪಂಥವೆಲ್ಲ ಅವನ ಜಗಳದಿಂದಲೇ ಹುಟ್ಟಿದ್ದು. ಅಕ್ಟೋಬರ್ ಕೊನೆಯ ಭಾನುವಾರ ಅವರಲ್ಲಿ ಅವನ ನೆನಪಿನ ಆರಾಧನೆ ಇರುತ್ತದೆ. ಆ ದಿನ ಆರಗದ ಕಡೆಯ ಕನ್ನಡ ಮಾತಿನ ಹಿರಿಯರಿಗೆ ಹಂಚಲು ಒಂದು ಸಣ್ಣ ಪುಸ್ತಿಕೆ ಆಗಬೇಕು, ತಾವು ಹೇಳುವುದು, ನಾನು ಬರೆಯುವುದು ಎಂದರು.

"ಅವರಿಗೆಲ್ಲಾ ಮರಾಠಿ ಬರತೈತಲ್ರಿ ಕಾಕಾ."

"ತಿಳೀತೈತ್ರಿ. ಒಳಗ ಇಳಿಯೂದಿಲ್ಲ."

ಈ ಮಾತಿಗೆ ನಾನು ಸೋತೆ. ಸಂಜೆ ನಾಲ್ಕಕ್ಕೆ ಅವರ ಪಡಸಾಲೆಯಲ್ಲಿ ಬರವಣಿಗೆ ಶುರುವಾಯಿತು. ಅವರ ಕಣ್ಣಿನ ಪೊರೆ ತೆಗೆದು ತಿಂಗಳಾಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಒರಗಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳುವರು. ನಾನು ತಿದ್ದಿಕೊಂಡು ಬರೆಯುವೆ.

ಸಂನ್ಯಾಸಿಯ ಕತೆ ಮಾತ್ರ ರುಚಿಯಾಗಿತ್ತು. ಅಪ್ಪ ಗಣಿಯ ಕೆಲಸದಿಂದ ಮೇಲೆ ಬಂದವನು, ಮಗ ವಕೀಲನಾಗಲಿ ಎಂದು ಓದಲು ಹಾಕಿದ. ಮಗ ಒಂದು ದಿನ ದಾರಿಯಲ್ಲಿ ಸಿಡಿಲಿಗೆ ಹೆದರಿ, ಬದುಕಿದರೆ ಮಠ ಸೇರುತ್ತೇನೆಂದು ಬೇಡಿಕೊಂಡ.

"ಹರಕೆ ಹೊತ್ತನಲ್ರಿ! ನಮ್ಮ ಮಂದಿಯಾಂವ ಬಿಡ್ರಿ ಹಂಗಾರ" ಎಂದೆ.

"ಮುಂದ ಬರ್ಕೋರಿ" ಎಂದರು ಕಾಕಾ.

ಮಠ ಸೇರಿದ ಮೇಲೆ ಅವನಿಗೆ ತನ್ನ ಪಾಪದ ಚಿಂತೆ ಹತ್ತಿತು. ಉಪವಾಸ ಮಾಡಿದ, ಚಳಿಯಲ್ಲಿ ಹೊದಿಕೆಯಿಲ್ಲದೆ ಮಲಗಿದ, ಗುರುವಿನ ಮುಂದೆ ತಾಸುಗಟ್ಟಲೆ ಕೂತು ಸಾಸಿವೆಯಷ್ಟು ತಪ್ಪುಗಳನ್ನೂ ಒಪ್ಪಿಸಿದ. ಹೊರಗೆ ಬಂದ ಮೇಲೆ ಒಂದು ಮರೆತೆ ಎಂದು ಮತ್ತೆ ಒಳಗೆ ಓಡುವನು. ಆ ಗುರುವಿಗೆ ಬೇಸರ ಬಂದುಹೋಯಿತಂತೆ. ನನಗೆ ನಮ್ಮ ಶಾಲೆಯ ಚಾಡಿಕೋರ ಹುಡುಗಿಯೊಬ್ಬಳು ನೆನಪಾಗಿ ಗುರುವಿನ ಮೇಲೆ ಕನಿಕರ ಬಂತು. ಎಷ್ಟು ಮಾಡಿದರೂ ಸಾಲದು ಎಂದು ಒದ್ದಾಡಿದ ಆ ಮನುಷ್ಯನಿಗೆ ಕೊನೆಗೆ ಬೈಬಲ್ ಓದುತ್ತ ಓದುತ್ತ ಹೊಳೆಯಿತು, ದೇವರು ಒಳ್ಳೆಯತನವನ್ನು ನಮ್ಮಿಂದ ಕೇಳುತ್ತಿಲ್ಲ, ಪುಕ್ಕಟೆ ಕೊಡುತ್ತಿದ್ದಾನೆ, ಕೈಚಾಚಿ ತೆಗೆದುಕೊಂಡರೆ ಸಾಕು ಎಂದು. ಅಲ್ಲಿಂದ ಮುಂದೆ ಪಾಪ ಕ್ಷಮೆಯ ಪತ್ರಗಳನ್ನು ಮಾರುವವರ ಮೇಲೆ ಹರಿಹಾಯ್ದ, ಆ ಬೈಬಲನ್ನು ಜನರ ಮಾತಿಗೆ ತಂದ, ಮಠದಿಂದ ಮೀನಿನ ಬಂಡಿಯಲ್ಲಿ ಅಡಗಿ ಓಡಿಬಂದ ಸಂನ್ಯಾಸಿನಿಯನ್ನು ಮದುವೆಯಾದ. ಆ ಗಟ್ಟಿಗಿತ್ತಿ ಮನೆಯಲ್ಲೇ ಬಿಯರ್ ಕಾಯಿಸುತ್ತಿದ್ದಳು. ಆರಗದ ಹಿರಿಯರು ಕುಡಿಯುವುದಿಲ್ಲವೆಂದು ಪ್ರಮಾಣ ಮಾಡಿದವರು ಎಂದು ಕಾಕಾ ಅಲ್ಲಿ 'ಪಾನಕ' ಎಂದು ಬರೆಸಿದರು. ನಾನು ಅದನ್ನು ಹೊಡೆದು ಹಾಕಿದೆ. ಪಾನಕ ಕುಡಿದು ಯಾರೂ ಪೋಪನ ಸಂಗಡ ಜಗಳ ತೆಗೆಯುವುದಿಲ್ಲ.

ಮುಪ್ಪಿನಲ್ಲಿ ಅವನು ಯೆಹೂದಿಗಳ ಮೇಲೆ ವಿಷ ಕಾರಿ ಬರೆದದ್ದೂ, ಅದಕ್ಕೂ ಮೊದಲು ಬಂಡೆದ್ದ ರೈತರನ್ನು ಬಡಿಯಿರಿ ಎಂದದ್ದೂ ಆ ಮರಾಠಿ ಪುಸ್ತಕದಲ್ಲಿತ್ತು. ಇದನ್ನು ಬರೆಯಲೋ ಬಿಡಲೋ ಎಂದು ಕೇಳಿದೆ. ಕಾಕಾ "ಬರೀರಿ. ತನ್ನ ಪುಣ್ಯಾದ ಮ್ಯಾಲೆ ಅಂವಾ ಉಳೀಲಿಲ್ಲ, ಕೃಪೆದ ಮ್ಯಾಲೆ ಉಳದ ಅಂಬೂದು ಮಂದಿಗೆ ಗೊತ್ತಾಗಲಿ" ಎಂದರು. ಅಂದು ಅವರ ಮೇಲೆ ನನಗೆ ಗೌರವ ಹೆಚ್ಚಿತು.

ಒಂದೇ ಕಡೆ ಅವರು ಜಾರಿಕೊಂಡರು. ಮಠ ಸೇರಿದ ಮಗನ ಮೇಲೆ ಅಪ್ಪ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡಿದ್ದ ಎಂದು ಪುಸ್ತಕದಲ್ಲಿತ್ತು. "ಆ ಅಪ್ಪನ ಸಿಟ್ಟ ಹೆಂಗ ಇಳೀತ್ರಿ ಕಾಕಾ?" ಎಂದು ಕೇಳಿದೆ. ಬೇಕೆಂದೇ ಕೇಳಿದೆ.

"ಆ ಪುಟ ಬಿಡ್ರಿ. ಮುಂದಿಂದು ತಗೋರಿ."

ಯಾಕೆಂದರೆ ಕಾಕಾ ತಮ್ಮ ಒಬ್ಬಳೇ ಮಗಳ ಸಂಗಡ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವಳು ನನ್ನ ತೊಡೆಯ ಮೇಲೆ ಕನ್ನಡ ಅಕ್ಷರ ತಿದ್ದಿದ ಹುಡುಗಿ, ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕುಪವಾಡದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಜೈನರ ಹುಡುಗ ಜ್ವರವೆಂದು ರಕ್ತ ಕೊಡಲು ಬಂದ, ಜ್ವರ ಬಿಟ್ಟ ಮೇಲೂ ಬರುತ್ತಲೇ ಇದ್ದ. ರಿಜಿಸ್ಟರ್ ಮದುವೆಯಾಯಿತು. ಊರಿಗೆಲ್ಲ ಕ್ಷಮೆಯ ಪ್ರವಚನ ಮಾಡುವ ಪಾದ್ರಿ ಮಗಳಿಗೆ ಮಾತ್ರ ನನ್ನ ಹೊಸ್ತಿಲು ತುಳಿಯಬೇಡ ಎಂದುಬಿಟ್ಟರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರೆ. ನಮ್ಮ ಕೃಷ್ಣಾ ದಂಡೆಯ ಬದನೆಕಾಯಿ ಬೇರೆ ಬಹಳ ರುಚಿ. ಎರಡು ವರ್ಷದ ಮೇಲೆ ಕಾಕಾನ ಹೆಂಡತಿ ಕಾಕೂ ತೀರಿಕೊಂಡರು. ತಾಯಿಯ ಮಣ್ಣಿಗೆ ಮಗಳು ಬಂದು ಹಿಂದೆ ನಿಂತಿದ್ದಳು, ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಕಾಕಾ ಅವಳ ಕಡೆ ನೋಡಲಿಲ್ಲ.

ಅದಾದ ಮೇಲೆ ಅವಳು ನನ್ನ ಕೈಯಲ್ಲಿ ಡಬ್ಬಿ ಕಳಿಸತೊಡಗಿದಳು. ಮಂಗಳವಾರ ಹೇಗೂ ನಾನು ಸಾಂಗಲಿಗೆ ಹೋಗುವವಳು. ಹಳದಿ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಶೇಂಗಾ ಹೋಳಿಗೆ, ಎಣಗಾಯಿ ಪಲ್ಯ, ಮಡಕೆಕಾಳಿನ ಉಸಳಿ, ಹೀಗೆ ಏನಾದರೂ ಒಂದು. ಜೈನರ ಮನೆಯ ಅಡುಗೆ, ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. "ಉಳ್ಳಾಗಡ್ಡಿ ಇಲ್ಲದ ಪಲ್ಯಾ ಅಂದ್ರ ಕಣ್ಣೀರಿಲ್ಲದ ಪಶ್ಚಾತ್ತಾಪ" ಎಂದು ಗೊಣಗುತ್ತ ಕಾಕಾ ಡಬ್ಬಿಯ ತಳ ಕಾಣುವ ತನಕ ತಿನ್ನುವರು. ಆದರೆ ನಮ್ಮಲ್ಲಿ ಬಂದ ಡಬ್ಬಿಯನ್ನು ಬರಿದು ತಿರುಗಿಸುವ ಪದ್ಧತಿ ಇಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಕಾಕಾ ತಪ್ಪದೆ ಬಾಳೆಹಣ್ಣೋ ಉತ್ತತ್ತಿಯೋ ಪೇರಲವೋ ತುಂಬಿ, ಒಂದು ಮಾತಿಲ್ಲದೆ ಗೋಡೆಯ ಮೇಲೆ ಇಡುವರು. ಮೊದಲ ತಿಂಗಳು ಮಗಳು ನನ್ನ ಕೈಯಲ್ಲಿ ಹೇಳಿ ಕಳಿಸಿದ್ದಳು: "ಡಬ್ಬಿ ಖಾಲಿ ಕಳಸಾಕ ಹೇಳ್ರಿ ಮಾವಶಿ. ನಾ ಏನ ನೆರೆಮನಿಯಾಕಿ ಏನು?" ನಾನು ಹೇಳಿದೆ. ಆ ವಾರ ಕಾಕಾ ಎರಡು ಬಾಳೆಹಣ್ಣು ಹೆಚ್ಚು ಹಾಕಿದರು. ಅವಳು ಮತ್ತೆ ಹೇಳಲಿಲ್ಲ, ನಾನೂ ಮರೆತೆ.

ಬರವಣಿಗೆ ಭಾದ್ರಪದ ಕಳೆಯುವ ಹೊತ್ತಿಗೆ ಕೃಪೆಯ ಅಧ್ಯಾಯಕ್ಕೆ ಬಂದು ಸಿಕ್ಕಿಕೊಂಡಿತು. ಆರಗದ ಮುದುಕರಿಗೆ ತಿಳಿಯುವಂಥ ಒಂದು ಉದಾಹರಣೆ ಬೇಕಿತ್ತು. ಎಪ್ಪತ್ತೈದು ದಾಟಿದವರಿಗೆ ಸರಕಾರದ ಎಸ್ಟಿ ಬಸ್ಸು ಪುಕ್ಕಟೆ ಇದೆಯಲ್ಲ, ಅದೇ ಕೃಪೆ ಎಂದರು ಕಾಕಾ.

"ಅದಕ್ಕೂ ಆಧಾರ್ ಕಾರ್ಡ್ ತೋರಸಬೇಕ್ರಿ."

"ಮಳಿ?"

"ಮಳಿ ಅನಬ್ಯಾಡ್ರಿ. ಹರಿಪುರದಾಗ ಹೊಳಿ ನೀರ ಏರಿ ಮನಿ ಹೊಕ್ಕಾಗ ನೋಡಿದ ಮಂದಿ ಅದಾರ."

ಕಾಕಾ ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆ ನೋಡೂಣ್ರಿ ಅಕ್ಕೋರ. ನನಗ ಇದು ಬರವೊಲ್ದು" ಎಂದರು.

ಮರುದಿನ ಮಂಗಳವಾರ. ಗೋಡೆಯ ಮೇಲೆ ಡಬ್ಬಿ ಇತ್ತು. ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕೂತ ಮೇಲೆ ಅನುಮಾನ ಬಂತು, ಡಬ್ಬಿ ಹಗುರವಾಗಿದೆ. ಅಲ್ಲಾಡಿಸಿ ನೋಡಿದೆ, ಮುಚ್ಚಳ ತೆಗೆದೆ. ಒಳಗೆ ಏನೂ ಇಲ್ಲ. ಪಾಪ, ಮುದುಕರಿಗೆ ಅರಳು ಮರಳು ಶುರುವಾಯಿತು ಎಂದುಕೊಂಡೆ. ಬರಿದು ಡಬ್ಬಿ ಒಯ್ದು ಕೊಟ್ಟರೆ ಹುಡುಗಿಯ ಮುಂದೆ ಕಾಕಾನ ಮರ್ಯಾದೆ ಏನು ಉಳಿಯಿತು? ಗುಡಿಯ ಮುಂದಿನ ಅಂಗಡಿಯಲ್ಲಿ ಹನ್ನೊಂದು ಪೇಢೆ ತೆಗೆದುಕೊಂಡು, ಗಣಪತಿಗೆ ತೋರಿಸಿ, ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿದೆ. ಆ ದಿನ ಪ್ರದಕ್ಷಿಣೆ ಹಾಕುವಾಗ ನನ್ನ ಬಗ್ಗೆ ನನಗೇ ಬಹಳ ಮೆಚ್ಚಿಗೆಯಿತ್ತು.

ಮಗಳು ಡಬ್ಬಿಯನ್ನು ಕೈಗೆ ತೆಗೆದುಕೊಂಡಳು, ಯಾಕೋ ಅಲ್ಲೇ ತೆರೆದಳು. "ಅಪ್ಪಾ ಪೇಢೆ ಎಲ್ಲಿಂದ ತಂದ?" ಎಂದು ಕೇಳಿದಳು.

"ಮಿರಜದಾಗ ಪೇಢೆ ಸಿಗೂದಿಲ್ಲೇನ?" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದ ಬಾಯಿ ಇದು.

ಸಂಜೆ ಕಾಕಾ ಗೋಡೆಯ ಹತ್ತಿರವೇ ಕಾಯುತ್ತ ನಿಂತಿದ್ದರು. "ಏನರ ಅಂದಳೇನ್ರಿ?" ಎಂದರು. ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಅದನ್ನು ಕೇಳಿದವರಲ್ಲ. ನಾನು ಅವರ ಮರೆವಿನ ಮಾತು ಎತ್ತಬಾರದೆಂದು, "ಏನೂ ಅನ್ನಲಿಲ್ರಿ, ಆರಾಮ ಅದಾಳ" ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಮರುದಿನ ನಾಲ್ಕಕ್ಕೆ ಹೋದರೆ ಮೈಯಲ್ಲಿ ಆರಾಮಿಲ್ಲ ಎಂದರು. ಅದರ ಮರುದಿನವೂ ಅದೇ. ಮುಂದಿನ ಮಂಗಳವಾರ ಡಬ್ಬಿಯ ತುಂಬ ಸಕ್ಕರೆ ಇತ್ತು, ಮುಚ್ಚಳ ಕೂಡದಷ್ಟು.

ಇನ್ನೊಂದು ವಾರ ಕಳೆದ ಮೇಲೆ ಅವರೇ ಕರೆದರು. "ಪುಸ್ತಕದ ಕೆಲಸ ಬಿಟ್ಟಬಿಡೂಣ್ರಿ ಅಕ್ಕೋರ. ಮತ್ತ ಅಕಿಗೆ ಹೇಳ್ರಿ, ಇನ್ನ ಡಬ್ಬಿ ಕಳಸೂದ ಬ್ಯಾಡ. ಸುಮ್ಮನ ತ್ರಾಸು."

ನನಗೆ ಸಿಟ್ಟು ಬಂತು. ಎರಡು ತಿಂಗಳು ಬೆರಳು ಸವೆಸಿದವಳು ನಾನು. ಏನಾಗಿದೆ ಎಂದು ಜೋರು ಮಾಡಿ ಕೇಳಿದೆ.

ಕಾಕಾ ಅಂಗಳದ ಕಡೆ ನೋಡುತ್ತ ಹೇಳಿದರು: "ಅಕಿ ಒಮ್ಮೆ ಡಬ್ಬಿ ಖಾಲಿ ಕಳಸು ಅಂದಿದ್ದಳು, ನೆನಪೈತೇನ್ರಿ? ನಾ ಜಿದ್ದಿಗೆ ಬಿದ್ದು ತುಂಬಿ ತುಂಬಿ ಕಳಿಸಿದೆ. ಅಕಿದೇನೂ ನನ್ನ ಮ್ಯಾಲೆ ಉಳೀಬಾರದು ಅಂತ. ಆ ಅಧ್ಯಾಯ ಬರೆಯಾಕ ಬರಲಿಲ್ಲಲ್ಲ, ರಾತ್ರಿಯೆಲ್ಲಾ ವಿಚಾರ ಮಾಡಿದೆ. ಮುಂಜಾನೆ ಡಬ್ಬಿ ಖಾಲಿ ಇಟ್ಟೆ. ಅಕಿ ನನ್ನ ಮಗಳು, ನೋಡಿದ ಕೂಡಲೇ ತಿಳೀತಿತ್ತು. ಏನೂ ಅನ್ನಲಿಲ್ಲ ಅಂದ ಮ್ಯಾಲೆ ಆತು. ಅಕಿದೇನೂ ತಪ್ಪಿಲ್ಲ. ನಾನ ತಡಾ ಮಾಡಿದೆ."

ನಿಜ ಹೇಳಬೇಕೆಂದರೆ ನನಗೆ ಮೊದಲು ಹೊಳೆದದ್ದು ತಪ್ಪಿಸಿಕೊಳ್ಳುವ ದಾರಿಯೇ. ಸದ್ದಿಲ್ಲದೆ ಸಾಂಗಲಿಗೆ ಹೋಗಿ ಮಗಳಿಗೆ ಹೇಳಿ ಎಲ್ಲ ಸರಿಮಾಡಿಬಿಡಬಹುದಲ್ಲ, ಕಾಕಾಗೆ ತಿಳಿಯುವುದೇ ಬೇಡ ಎನಿಸಿತು. ಆದರೆ ಎದುರಿಗೆ ಕೂತ ಆ ಮುಖ ನೋಡಿ ಆಗಲಿಲ್ಲ.

"ಕಾಕಾ, ಡಬ್ಬಿ ಖಾಲಿ ಹೋಗಲಿಲ್ರಿ. ನೀವು ಮರತೀರಿ ಅಂತ ನಾನ ಪೇಢೆ ಹಾಕಿದೆ."

"ಎಷ್ಟು?"

"ಹನ್ನೊಂದು. ಗಣಪತಿಗೆ ತೋರಿಸಿದ್ದುವು."

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕುರ್ಚಿ ಹಿಡಿದು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಕಾಗದಗಳನ್ನು ಕಟ್ಟಿಟ್ಟು ಮನೆಗೆ ಬಂದು ಅತ್ತೆ. ಹುಟ್ಟಿದಾಗಿನಿಂದ ಅಷ್ಟು ನಾಚಿಕೆಯಾದದ್ದಿಲ್ಲ. ಒಳ್ಳೆಯದು ಮಾಡುತ್ತೇನೆಂಬ ಗರ್ವದಲ್ಲಿ ಅಪ್ಪ ಮಗಳ ನಡುವೆ ನಾನೇ ಕಲ್ಲು ಹಾಕಿದ್ದೆ. ನಾಲ್ಕು ದಿನ ಬಟ್ಟೆ ಒಣಹಾಕುವಾಗ ಗೋಡೆಯ ಆಚೆ ಸದ್ದಿರಲಿಲ್ಲ. ಆ ಪ್ರವಚನಕ್ಕೆ ನಾನು ಇಷ್ಟು ಹಾದಿ ಕಾಯುವವಳು ಎಂದು ನನಗೇ ಗೊತ್ತಿರಲಿಲ್ಲ.

ಮಂಗಳವಾರ ಹತ್ತಕ್ಕೆ ಬಸ್ ಸ್ಟಾಪಿಗೆ ಹೋದರೆ ಕಾಕಾ ಅಲ್ಲಿ ನಿಂತಿದ್ದರು, ಬಿಳಿ ಅಂಗಿಯ ಗುಂಡಿ ಕತ್ತಿನ ತನಕ ಹಾಕಿಕೊಂಡು. "ಸಾಂಗಲಿ ಬಸ್ ಇದ ಅಲ್ಲೇನ್ರಿ?" ಎಂದರು, ಸಾಂಗಲಿ ಎಂಬ ಊರನ್ನು ಆಗಷ್ಟೇ ಕೇಳಿದವರ ಹಾಗೆ. ನಾನು ಹೌದೆಂದೆ. ಅಂದು ಬಸ್ಸಿಳಿದು ನಾನು ಗುಡಿಗೆ ಹೋಗದೆ ನೇರ ಹಳದಿ ಪೇಟೆಯ ಕಡೆ ನಡೆದೆ.

ಓಣಿಯ ತಿರುವಿನಲ್ಲಿ ಹಣ್ಣಿನ ಗಾಡಿ ನಿಂತಿತ್ತು. ಮಗಳ ಮನೆಗೆ ಮೊದಲ ಸಲ ಹೋಗುವ ತಂದೆ, ಮೊಮ್ಮಗಳ ಮುಖ ಇನ್ನೂ ನೋಡದ ಅಜ್ಜ, ಕೈಯಲ್ಲಿ ಒಂದು ಸೇಬೂ ಇಲ್ಲ. ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಯಿತು.

"ಅಕ್ಕೋರ" ಎಂದರು ಕಾಕಾ. ಅಷ್ಟೇ. ನಾನು ಕೈ ಹೊರಗೆ ತೆಗೆದೆ.

ಬಾಗಿಲು ತೆರೆದದ್ದು ಕೂಸು. ಈಗ ಏಳು ವರ್ಷ ಅದಕ್ಕೆ. ನನ್ನನ್ನು ನೋಡಿ ನಕ್ಕಿತು, ಅವರನ್ನು ಮೇಲಿಂದ ಕೆಳಗೆ ನೋಡಿತು. "ಆಯೀ, ಮಾವಶೀ ಆಜೀ ಆಲೀ" ಎಂದು ಮರಾಠಿಯಲ್ಲಿ ಕೂಗಿತು, "ಆಣಿ ಕೋಣೀತರೀ ಆಲಯ." ಮಾವಶಿ ಅಜ್ಜಿ ಬಂದಿದ್ದಾಳೆ, ಜೊತೆಗೆ ಇನ್ಯಾರೋ ಬಂದಿದ್ದಾರೆ ಎಂದು. ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಮಗಳು ಕೈಗೆ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದು ಅಲ್ಲೇ ನಿಂತಳು. ನಾನು ಪೇಢೆಯ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ಎಲ್ಲವನ್ನೂ ದಾರಿಯಲ್ಲಿ ಜೋಡಿಸಿಕೊಂಡಿದ್ದೆ, ವ್ಯಾಕರಣ ಸಮೇತ. ಅಷ್ಟರಲ್ಲಿ ಕಾಕಾ ಮಾತಾಡಿದರು. ಒಂಬತ್ತು ವರ್ಷಕ್ಕೆಂದು ಏನೋ ದೊಡ್ಡ ಮಾತು ಕೂಡಿಸಿಟ್ಟಿರುತ್ತಾರೆ ಎಂದುಕೊಂಡಿದ್ದೆ, ನಲವತ್ತು ವರ್ಷ ಪೀಠದ ಮೇಲೆ ನಿಂತು ಮಾತಾಡಿದವರು.

"ಹಸಿವ್ಯಾಗೈತೆವಾ" ಎಂದರು.

ಅವಳು ಅವರ ಎರಡೂ ಬರಿಗೈಗಳನ್ನು ನೋಡಿದಳು. "ಕೈಕಾಲ ತೊಳ್ಕೋ ಅಪ್ಪಾ. ಚಪಾತಿ ಹಾಕತೇನಿ" ಎಂದಳು.

ಅಡುಗೆಮನೆಯ ನೆಲದ ಮೇಲೆ ಕೂತು ಅವರು ಉಂಡರು. ಕಪ್ಪು ಕನ್ನಡಕದ ಕೆಳಗಿಂದ ನೀರು ಇಳಿದು ಗದ್ದದ ತನಕ ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೂಸು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಈ ಮನುಷ್ಯ ಎಷ್ಟು ಉಣ್ಣುತ್ತಾನೆ ಎಂದು ಬೆರಗಾಗಿ ನೋಡುತ್ತಿತ್ತು. ಮಗಳು ಬೆನ್ನು ತಿರುಗಿಸಿ ಲಟ್ಟಿಸುತ್ತಲೇ ಇದ್ದಳು. ನಾಲ್ಕನೆಯ ಚಪಾತಿ ಮುಗಿದ ಮೇಲೆ ಕಾಕಾ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕಡೆ ಹಿಡಿದು, "ಇನ್ನೊಂದ ಹಾಕವಾ" ಎಂದು ಕೇಳಿದರು.